ಮಳಿಗೆ ವ್ಯವಸ್ಥಾಪಕರಿಗೆ ಹೊಣೆಯಷ್ಟೇ ಅಧಿಕಾರವೂ ಬೇಕು

ಮಾನ್ಯ ಸಂಪಾದಕರೇ,

ಚಿಲ್ಲರೆ ಮಾರಾಟ ಮಳಿಗೆಗಳ ಬಗ್ಗೆ ಚರ್ಚೆ ನಡೆದಾಗಲೆಲ್ಲ ಗ್ರಾಹಕರ ಹಕ್ಕು, ಕಂಪನಿಯ ಲಾಭ, ನೌಕರರ ಸಂಬಳ ಇವು ಪ್ರಸ್ತಾಪವಾಗುತ್ತವೆ. ಈ ಮೂವರಿಗೂ ಉತ್ತರ ಹೇಳಬೇಕಾದ ವ್ಯವಸ್ಥಾಪಕರ ಪಾಡು ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ. ಹಲವು ವರ್ಷಗಳಿಂದ ಈ ಕೆಲಸದಲ್ಲಿರುವ ನನಗೆ ಕಂಡ ಮುಖ್ಯ ತೊಡಕೆಂದರೆ, ಬೆಲೆ, ರಿಯಾಯಿತಿ, ಸಿಬ್ಬಂದಿ ಸಂಖ್ಯೆ, ಸರಕಿನ ಪ್ರಮಾಣ ಎಲ್ಲವೂ ಕೇಂದ್ರ ಕಚೇರಿಯಲ್ಲಿ ತೀರ್ಮಾನವಾಗಿ, ಅವುಗಳ ಫಲಿತಾಂಶದ ಹೊಣೆ ಮಾತ್ರ ಮಳಿಗೆಯಲ್ಲಿರುವವರ ಹೆಗಲೇರುವುದು.

ಸರಕಿನ ಲೆಕ್ಕವನ್ನೇ ನೋಡಿ. 1974ರ ಜೂನ್ 26ರಂದು ಅಮೆರಿಕದ ಒಹಾಯೊ ರಾಜ್ಯದ ಅಂಗಡಿಯೊಂದರಲ್ಲಿ ಚೂಯಿಂಗ್ ಗಮ್ ಪೊಟ್ಟಣದ ಬಾರ್‌ಕೋಡ್ ಓದಿಸಿ ಬಿಲ್ ಮಾಡಿದಂದಿನಿಂದ ಈ ಕೆಲಸ ಬಹಳ ಹಗುರವಾಗಿದೆ, ನಿಜ. ಆದರೆ ಯಂತ್ರಕ್ಕೆ ಗೊತ್ತಿರುವುದು ಒಳಬಂದ ಸರಕು ಮತ್ತು ಬಿಲ್ ಆದ ಸರಕು ಮಾತ್ರ. ಕಳುವಾದದ್ದು, ಒಡೆದು ಮೂಲೆ ಸೇರಿದ್ದು, ಅವಸರದಲ್ಲಿ ಎರಡು ಬಣ್ಣದ ವಸ್ತುಗಳಿಗೆ ಒಂದೇ ಬಣ್ಣದ ಕೋಡನ್ನು ಎರಡು ಸಲ ಓದಿಸಿದ್ದು ಅದಕ್ಕೆ ತಿಳಿಯುವುದಿಲ್ಲ. ಹೀಗಾಗಿ ಶೆಲ್ಫ್ ಖಾಲಿಯಿದ್ದರೂ ಕಂಪ್ಯೂಟರಿನಲ್ಲಿ ಆರು ನಗ ಉಳಿದಿರುತ್ತವೆ. ದಾಸ್ತಾನು ಇದೆಯೆಂದು ನಂಬಿದ ವ್ಯವಸ್ಥೆ ಹೊಸ ಸರಕು ತರಿಸುವುದಿಲ್ಲ. ಸರಕೇ ಇಲ್ಲದ್ದರಿಂದ ಮಾರಾಟವೂ ಆಗುವುದಿಲ್ಲ. ಕೊನೆಗೆ ಆ ವಸ್ತುವಿಗೆ ಬೇಡಿಕೆಯಿಲ್ಲವೆಂಬ ಷರಾ ಬೀಳುತ್ತದೆ. ಕಣ್ಣೆದುರಿನ ಈ ತಪ್ಪನ್ನು ತಿದ್ದಲು ಕೂಡ ಎಷ್ಟೋ ಕಡೆ ವ್ಯವಸ್ಥಾಪಕರು ಮೇಲಿನವರ ಅನುಮತಿಗೆ ಕಾಯಬೇಕು.

ಸಿಬ್ಬಂದಿಯ ವಿಷಯದಲ್ಲೂ ಇದೇ ವಿಷಚಕ್ರ. ಮಾರಾಟ ಇಳಿದ ತಿಂಗಳು ಪಾಳಿಯ ಗಂಟೆಗಳಿಗೆ ಕತ್ತರಿ ಬೀಳುತ್ತದೆ. ವಿಚಾರಿಸುವವರಿಲ್ಲದೆ, ಬಿಲ್ಲಿಂಗ್ ಕೌಂಟರಿನ ಸಾಲು ಕರಗದೆ, ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಗ್ರಾಹಕರು ಹೊರಟುಹೋಗುತ್ತಾರೆ. ಮರುತಿಂಗಳ ಮಾರಾಟ ಇನ್ನಷ್ಟು ಕುಸಿದಾಗ ವಿವರಣೆ ಕೇಳುವುದು ಗಂಟೆ ಕಡಿತಗೊಳಿಸಿದವರನ್ನಲ್ಲ. ಬಾಗಿಲಲ್ಲಿ ತಲೆ ಎಣಿಸುವ ಸಾಧನದ ಕಥೆ ಬೇರೆಯೇ ಇದೆ: ನಾಲ್ಕು ಜನರ ಕುಟುಂಬ ಬಂದು ಒಂದು ದೊಡ್ಡ ಬಿಲ್ ಮಾಡಿಸಿದರೂ, ನಾಲ್ವರಲ್ಲಿ ಒಬ್ಬರೇ ಕೊಂಡರೆಂದು ಅದು ಶೇ 25ರ ವರದಿ ಕಳಿಸುತ್ತದೆ. ಆ ವರದಿಗೆ ಸಮಜಾಯಿಷಿ ಬರೆಯುವುದೂ ನಮ್ಮ ಕರ್ತವ್ಯವೇ!

ಇಷ್ಟಾದರೂ ಈ ಕೆಲಸ ಬಿಡಲು ಮನಸ್ಸು ಬಾರದಿರುವುದಕ್ಕೆ ಕಾರಣವುಂಟು. ಗ್ರಾಹಕರ ಮುಖ ನೋಡಿ ಮಾತಾಡಲೂ ಅಳುಕುತ್ತಿದ್ದ ಹುಡುಗಿ, ಕೆಲವೇ ತಿಂಗಳಲ್ಲಿ ರೇಗಾಡುತ್ತಾ ಬಂದವರನ್ನು ಸಮಾಧಾನಪಡಿಸಿ, ಸರಕು ಬದಲಾಯಿಸಿಕೊಟ್ಟು, ನಗುತ್ತಾ ಕಳಿಸುವಷ್ಟು ಪಳಗುವುದನ್ನು ಹತ್ತಿರದಿಂದ ನೋಡುವ ಭಾಗ್ಯ ಎಲ್ಲ ಉದ್ಯೋಗಗಳಲ್ಲೂ ಸಿಗದು. ಹಾಗೆಯೇ, ಮೂಲೆಯಲ್ಲಿ ಕೊಳೆಯುತ್ತಿದ್ದ ಸರಕನ್ನು ಕಣ್ಣಿನ ಮಟ್ಟದ ಶೆಲ್ಫಿಗೆ ತಂದಿಟ್ಟು, ಸಂಜೆಯ ಲೆಕ್ಕದಲ್ಲೇ ಅದರ ಫಲ ಕಾಣುವುದು ಒಂದು ಬಗೆಯ ಖುಷಿ. ಬೆಳಗಿನ ನಿರ್ಧಾರದ ಸರಿತಪ್ಪು ಅಂದೇ ತಿಳಿಯುತ್ತದೆ. ಈ ತೃಪ್ತಿ ಸಿಗುವುದು ನಮ್ಮ ವಿವೇಚನೆಗೆ ಒಂದಿಷ್ಟು ಜಾಗವಿದ್ದಾಗ ಮಾತ್ರ ಎಂಬುದನ್ನು ಕಂಪನಿಗಳು ಗಮನಿಸಬೇಕು.

ಬೆಲೆ ನಿಗದಿಯ ಅಧಿಕಾರವನ್ನು ನಾವು ಕೇಳುತ್ತಿಲ್ಲ. ಅದು ಎಲ್ಲ ಮಳಿಗೆಗಳಲ್ಲೂ ಒಂದೇ ರೀತಿ ಇರುವುದು ನ್ಯಾಯವೇ. ದಾಸ್ತಾನಿನ ತಪ್ಪು ಲೆಕ್ಕವನ್ನು ಕಂಡ ದಿನವೇ ತಿದ್ದಲು, ಮಂಜೂರಾದ ಒಟ್ಟು ಗಂಟೆಗಳನ್ನು ಜನದಟ್ಟಣೆ ನೋಡಿಕೊಂಡು ಹಂಚಲು ಅವಕಾಶ ಕೊಟ್ಟರೆ ಕಂಪನಿಗೆ ಹೆಚ್ಚಿನ ಖರ್ಚೇನೂ ಬರುವುದಿಲ್ಲ. ಮಾರಾಟದ ಪರಾಮರ್ಶೆ ನಡೆಸುವ ಅಧಿಕಾರಿಗಳು ಅದಕ್ಕೂ ಮುನ್ನ, ಜನ ತುಂಬಿದ ಒಂದು ಸಂಜೆ ನಮ್ಮ ಬಿಲ್ಲಿಂಗ್ ಕೌಂಟರಿನ ಪಕ್ಕದಲ್ಲಿ ಬಂದು ನಿಲ್ಲಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ಮಳಿಗೆ ವ್ಯವಸ್ಥಾಪಕರೊಬ್ಬರು