ಕಂಪನಿಯೂ ಒಬ್ಬ ವ್ಯಕ್ತಿಯೇ?

ಚಿ. ಕಾವ್ಯಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾನೂನು ವಿದ್ಯಾರ್ಥಿಗಳ ಅಣಕು ನ್ಯಾಯಾಲಯದಲ್ಲಿ, ಅಂದರೆ ಮೂಟ್ ಕೋರ್ಟಿನಲ್ಲಿ, ‘ಕಂಪನಿಯನ್ನು ವ್ಯಕ್ತಿ ಅನ್ನುವುದೇ ತಪ್ಪು’ ಅಂತ ವಾದಿಸಲು ಹೊರಟಿದ್ದೀಯಂತೆ, ನಿಮ್ಮಪ್ಪ ಹೇಳಿದ. ಅಷ್ಟು ದೂರ ಹೋಗಬೇಡ ಮಗಳೇ. ಕಾನೂನು ಕಂಪನಿಯನ್ನು ವ್ಯಕ್ತಿ ಅಂತ ಒಪ್ಪಿಕೊಂಡಿರುವುದರಿಂದಲೇ ಅನ್ಯಾಯವಾದವರು ಕಂಪನಿಯ ಹೆಸರಿನ ಮೇಲೆ ದಾವೆ ಹಾಕಬಹುದು. ಇಲ್ಲದಿದ್ದರೆ ಸಾವಿರಾರು ಷೇರುದಾರರನ್ನು ಎಲ್ಲಿ ಹುಡುಕಿಕೊಂಡು ಹೋಗಬೇಕು? ನಮ್ಮಲ್ಲಿ ದೇವಸ್ಥಾನದ ದೇವರ ಹೆಸರಿನಲ್ಲೂ ಆಸ್ತಿ ಇರುತ್ತದೆ, ಅಲ್ವಾ? ವ್ಯವಹಾರಕ್ಕೆ ಅದು ಬೇಕು.

ಆದರೆ ಅದೇ ಹೆಸರಿನ ಹಿಂದೆ ಮನುಷ್ಯರು ಅಡಗಿ ಕೂರುತ್ತಾರೆ. ಭೋಪಾಲ್ ನೋಡು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಕಾರ್ಖಾನೆ ಇದ್ದದ್ದು ಭಾರತದ ಕಂಪನಿಯ ಹೆಸರಲ್ಲಿ. ಅದರ ಅರ್ಧಕ್ಕಿಂತ ಜಾಸ್ತಿ ಷೇರು ಅಮೆರಿಕದ ಕಂಪನಿಯದು. ‘ಅವರು ಬೇರೆ, ನಾವು ಬೇರೆ’ ಎಂದೇ ಆ ಕಂಪನಿ ವಾದಿಸಿತು. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. 2010ರಲ್ಲಿ ಭೋಪಾಲದ ಕೋರ್ಟು ಭಾರತದ ಕಂಪನಿಗೆ ಹಾಕಿದ ದಂಡ 5 ಲಕ್ಷ ರೂಪಾಯಿ. ಇಲ್ಲಿನ ಅಧಿಕಾರಿಗಳಿಗೆ 2 ವರ್ಷ ಜೈಲು ಅಂದರು, ಅವತ್ತೇ ಜಾಮೀನೂ ಸಿಕ್ಕಿತು. ಅಮೆರಿಕದ ಕಂಪನಿಯ ಮುಖ್ಯಸ್ಥನಾಗಿದ್ದ ವಾರನ್ ಆಂಡರ್ಸನ್ ವಿಚಾರಣೆಗೆ ಬರಲೇ ಇಲ್ಲ. 2014ರಲ್ಲಿ ತೀರಿಕೊಂಡ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಕಂಪನಿಯನ್ನು ಜೈಲಿಗೆ ಹಾಕಲಾಗುವುದಿಲ್ಲ, ಸರಿ. ಆದರೆ ಅಪಾಯ ಗೊತ್ತಿದ್ದೂ ಸುಮ್ನಿದ್ದವರನ್ನು ಹಾಕಬಹುದಲ್ಲ?

ಇನ್ನೊಂದು ವಿಷಯ ರಾಜಕೀಯದ ದುಡ್ಡು. ಮೊದಲು ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ಶೇ. 7.5ಕ್ಕಿಂತ ಹೆಚ್ಚು ದೇಣಿಗೆಯನ್ನು ಪಕ್ಷಗಳಿಗೆ ಕೊಡುವಂತಿರಲಿಲ್ಲ. 2017ರಲ್ಲಿ ಆ ಮಿತಿ ತೆಗೆದರು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು, ಹೆಸರು ಬಹಿರಂಗವಾಗದಂತೆ ಪಕ್ಷಗಳಿಗೆ ದೇಣಿಗೆ ಕೊಡಲು ಇದ್ದ ಚುನಾವಣಾ ಬಾಂಡ್‌ಗಳ ಜೊತೆಗೆ ಆ ತಿದ್ದುಪಡಿಯನ್ನೂ ರದ್ದು ಮಾಡಿತು. ಕಂಪನಿಯನ್ನೂ ಮನುಷ್ಯನನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ ಎಂಬುದು ಆ ತಿದ್ದುಪಡಿ ರದ್ದಾಗಲು ಕೋರ್ಟು ಕೊಟ್ಟ ಒಂದು ಮುಖ್ಯ ಕಾರಣ. ಅಮೆರಿಕದ ಸುಪ್ರೀಂ ಕೋರ್ಟು 2010ರಲ್ಲಿ ಇದಕ್ಕೆ ಉಲ್ಟಾ ದಾರಿ ಹಿಡಿದು, ಚುನಾವಣಾ ಪ್ರಚಾರಕ್ಕೆ ಸ್ವತಂತ್ರವಾಗಿ ಖರ್ಚು ಮಾಡಲು ಕಂಪನಿಗಳಿಗೆ ಬಿಟ್ಟುಬಿಟ್ಟಿತು. ನಮ್ಮವರದ್ದೇ ಸರಿ ಅಂತ ನನ್ನ ನಂಬಿಕೆ. ಮತ ಹಾಕಲಾಗದ, ಹಸಿವೇ ಗೊತ್ತಿಲ್ಲದ ‘ವ್ಯಕ್ತಿ’ಯ ಹಣ ನಿನ್ನ ಒಂದು ಮತವನ್ನು ಮುಳುಗಿಸಬಾರದು.

ಹಾಗಾಗಿ ವಾದದ ಗುರಿ ಬದಲಿಸು. ಆಸ್ತಿ, ಸಾಲ, ದಾವೆಗೆ ಕಂಪನಿ ವ್ಯಕ್ತಿಯೇ ಅಂತ ಮೊದಲೇ ಒಪ್ಪಿಕೋ. ಆಮೇಲೆ ಅದು ನಾಗರಿಕ ಅಲ್ಲ ಅನ್ನು. ಅದಕ್ಕೆ ಸುಪ್ರೀಂ ಕೋರ್ಟಿನ 1963ರ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ತೀರ್ಪಿದೆ. ಅದನ್ನು ಓದಿಕೊಂಡು ಬರೆದು, ನಿನ್ನ ವಾದದ ಪ್ರತಿ ನನಗೂ ಕಳಿಸು.

ನಿನ್ನ ದೊಡ್ಡಪ್ಪ