ನರದ ಮಾತ್ರೆ ನಾಲ್ಕೇ ನಾಲ್ಕು ಕೊಡಿ ಅನ್ನೋರಿಗೆ

ಮಾನ್ಯ ಸಂಪಾದಕರೇ,

ನಾನು ಚಿಂತಾಮಣಿಯಲ್ಲಿ ಮೆಡಿಕಲ್ ಶಾಪ್ ಕೌಂಟರಲ್ಲಿ ನಿಲ್ಲೋ ಫಾರ್ಮಸಿಸ್ಟು. ನಿಮ್ಮ ಪೇಪರಲ್ಲಿ ಬಿಪಿ ಶುಗರ್ ಬಗ್ಗೆ ಆಗಾಗ ಬರುತ್ತೆ, ಮಳೆಗಾಲ ಬಂದ್ರೆ ಡೆಂಗ್ಯೂ ಬಗ್ಗೆ ಅರ್ಧ ಪುಟ ಇರುತ್ತೆ, ಆದ್ರೆ ಫಿಟ್ಸ್ ಮಾತ್ರೆ, ನರದ ನೋವಿನ ಮಾತ್ರೆ ಇವನ್ನ ಹೆಂಗೆ ತಗೋಬೇಕು, ಹೆಂಗೆ ಬಿಡಬೇಕು ಅಂತ ಬರೆದಿದ್ದು ನಾನಂತೂ ನೋಡಿಲ್ಲ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕೋದಾದ್ರೆ ಹಾಕಿ.

ಸಂಜೆ ಬಸ್ ಹಿಡಿಯೋ ಗಡಿಬಿಡೀಲಿ ಜನ ಬಂದು ಖಾಲಿ ಶೀಟಿನ ಚೂರೊಂದನ್ನ ಕೌಂಟರ್ ಮೇಲಿಟ್ಟು 'ಇದೇ ಕೊಡಣ್ಣ, ನಾಲ್ಕು ಸಾಕು' ಅಂತಾರೆ. ನಮ್ ಕಡೆ ಅರ್ಧ ಜನ ತೆಲುಗಲ್ಲೇ ಕೇಳೋದು, 'ನರಾಲ ಮಾತ್ರ ಇಯ್ಯನ್ನಾ' ಅಂತ. ಆ ಚೂರಲ್ಲಿ ಹೆಸರಿರೋ ಕಡೆ ಹರಿದು ಹೋಗಿರುತ್ತೆ, ಎಕ್ಸ್‌ಪೈರಿ ಡೇಟ್ ಇರೋ ಕಡೆ ಹಿಂದಿನ ಸಲ ಇನ್ಯಾರಿಗೋ ಕತ್ತರಿಸಿ ಕೊಟ್ಟಾಗಿರುತ್ತೆ, ಉಳಿದಿರೋದು ಕೊನೇ ಎರಡು ಅಕ್ಷರ, ಪಕ್ಕದಲ್ಲಿ 300 ಅಂತ ಒಂದು ನಂಬರು. ಡಾಕ್ಟ್ರ ಚೀಟಿ ಎಲ್ಲಿ ಅಂದ್ರೆ ಮನೇಲಿದೆ ಅಂತಾರೆ. ಯಾರಿಗೆ ಅಂದ್ರೆ ಅಮ್ಮಂಗೆ ಅಂತಾರೆ. ಅಮ್ಮಂಗೆ ಏನಾಗಿದೆ ಅಂದ್ರೆ ಹಿಂದೆ ನಿಂತಿರೋರು 'ಬೇಗ ಕೊಟ್ಟು ಕಳ್ಸಿ ಸಾರ್' ಅಂತ ಗೊಣಗ್ತಾರೆ.

ಇಲ್ಲೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಗ್ಯಾಬಪೆಂಟಿನ್ ಅಂತ ಒಂದು ಮಾತ್ರೆ ಇದೆ, ಅದು ಮೊದಲು ಬಂದಿದ್ದು ಫಿಟ್ಸಿಗೆ. ಅಮೆರಿಕದಲ್ಲಿ 1993ರಲ್ಲಿ ಫಿಟ್ಸಿಗೆ ಅಂತ ಒಪ್ಪಿಗೆ ಸಿಕ್ಕಿ, ಸರ್ಪಸುತ್ತು ವಾಸಿಯಾದ ಮೇಲೂ ಉಳ್ಕೊಳ್ಳೋ ಆ ಉರಿ ನೋವಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಇವತ್ತು ಶುಗರ್ ಇರೋರ ಅಂಗಾಲು ಉರಿ, ಜೋಮು, ಸೊಂಟದಿಂದ ಕಾಲಿಗೆ ಇಳಿಯೋ ನೋವು ಎಲ್ಲಕ್ಕೂ ಇದನ್ನೋ ಇಲ್ಲಾ ಇದರ ತಮ್ಮನಂಗಿರೋ ಪ್ರಿಗಾಬಲಿನ್ನೋ ಬರೀತಾರೆ. ಕಾರ್ಬಮಜೆಪಿನ್ನೂ ಹಂಗೇ, ಫಿಟ್ಸಿಗೂ ಅದೇ, ಹಲ್ಲುಜ್ಜಿದ್ರೂ ಮುಖಕ್ಕೆ ಕರೆಂಟ್ ಹೊಡೆದಂಗೆ ಆಗುತ್ತಲ್ಲ ಆ ನರದ ನೋವಿಗೂ ಅದೇ. ಹಂಗಾಗಿ ಒಂದೇ ಮನೇಲಿ ಅಜ್ಜಿಗೆ ಸರ್ಪಸುತ್ತಿನ ನೋವಿಗೆ, ಮೊಮ್ಮಗನಿಗೆ ಫಿಟ್ಸಿಗೆ ಒಂದೇ ಹೆಸರಿನ ಮಾತ್ರೆ ಇರೋದು ನಾನು ನೋಡಿದೀನಿ, ಇಬ್ಬರದ್ದೂ ಒಂದೇ ಡಬ್ಬೀಲಿ. ಅಜ್ಜಿ ನೋವು ಜಾಸ್ತಿಯಾದ ದಿನ ಮೊಮ್ಮಗನ ಮಾತ್ರೇಲಿ ಒಂದು ನುಂಗ್ತಾರೆ, ತಿಂಗಳ ಕೊನೇಲಿ ಹುಡುಗನಿಗೆ ಕಮ್ಮಿ ಬೀಳುತ್ತೆ. ಡೋಸ್ ಬೇರೆ, ಕಾಯಿಲೆ ಬೇರೆ, ಡಬ್ಬಿನೂ ಬೇರೆ ಇರ್ಲಿ ಅಂತ ಹೇಳಿ ಕಳಿಸ್ದೆ.

ನೋವಿಗೆ ತಗೊಳ್ಳೋರು ಇದನ್ನ ತಲೆನೋವಿನ ಮಾತ್ರೆ ಲೆಕ್ಕಕ್ಕೆ ತಗೋತಾರೆ. ನೋವು ಬಂದಾಗ ಒಂದು, ಇಲ್ದಾಗ ಇಲ್ಲ. ಈ ಮಾತ್ರೆ ಹಂಗೆ ಕೆಲಸ ಮಾಡಲ್ಲ. ಕಮ್ಮಿ ಪವರಿಂದ ಶುರು ಮಾಡಿ ನಿಧಾನಕ್ಕೆ ಏರಿಸ್ತಾರೆ, ದಿನಾ ಹೇಳಿದ ಟೈಮಿಗೆ ತಗೊಂಡ್ರೆ ಗುಣ ಗೊತ್ತಾಗೋಕೆ ಕೆಲವು ವಾರ ಬೇಕಾಗ್ಬೋದು. ಎರಡು ದಿನ ನುಂಗಿ 'ಏನೂ ಆಗ್ಲಿಲ್ಲ' ಅಂತ ಬಿಡೋರು ಒಂದು ಕಡೆ, ಆಗ್ಲಿಲ್ಲ ಅಂತ ತಾವೇ ಎರಡೆರಡು ನುಂಗೋರು ಇನ್ನೊಂದು ಕಡೆ. ಎರಡನೇವ್ರು ಮಾರನೇ ದಿನ ಬೆಳಿಗ್ಗೆ ಬಚ್ಚಲಲ್ಲಿ ತಲೆ ತಿರುಗಿ ಬಿದ್ದು ಸೊಂಟ ಮುರ್ಕೊಂಡು ಬಂದ್ರೆ ಆಶ್ಚರ್ಯ ಇಲ್ಲ, ಯಾಕಂದ್ರೆ ನಿದ್ದೆ ಮಂಪರು, ತಲೆಸುತ್ತು ಇವೇ ಈ ಮಾತ್ರೆಗಳ ಮೊದಲ ತೊಂದರೆ.

ಬಿಡೋದಂತೂ ಇನ್ನೂ ದೊಡ್ಡ ವಿಷಯ. ಫಿಟ್ಸ್ ಇರೋರು ಮಾತ್ರೆ ದಿಢೀರ್ ನಿಲ್ಸಿದ್ರೆ ನಿಂತಿದ್ದ ಫಿಟ್ಸ್ ವಾಪಸ್ ಬರುತ್ತೆ, ಕೆಲವರಿಗೆ ಒಂದರ ಹಿಂದೆ ಒಂದು ಬಿಡದಂಗೆ ಬರುತ್ತೆ, ಅದು ಜೀವಕ್ಕೇ ಅಪಾಯ. ನೋವಿಗೆ ತಗೋತಿರೋರೂ ತಿಂಗಳುಗಟ್ಟಲೆ ತಗೊಂಡು ಒಂದೇ ಸಲ ಬಿಟ್ರೆ ನಿದ್ದೆ ಬರಲ್ಲ, ಬೆವರು, ಗಾಬರಿ, ನೋವು ದುಪ್ಪಟ್ಟು. ಗ್ಯಾಬಪೆಂಟಿನ್ ಬಿಡಬೇಕಾದ್ರೆ ಕನಿಷ್ಠ ಒಂದು ವಾರ ಇಟ್ಕೊಂಡು ಇಳಿಸ್ತಾ ಬರಬೇಕು, ಎಷ್ಟು ಇಳಿಸ್ಬೇಕು ಅನ್ನೋದು ಬರೆದ ಡಾಕ್ಟ್ರು ಹೇಳಬೇಕು, ನಾನೂ ಅಲ್ಲ ಪಕ್ಕದ ಮನೆಯೋರೂ ಅಲ್ಲ. ಒಂದು ಹೊತ್ತು ಮರೆತ್ರೆ ನೆನಪಾದ ತಕ್ಷಣ ತಗೊಳ್ಳಿ, ಮುಂದಿನ ಹೊತ್ತು ಹತ್ರ ಬಂದುಬಿಟ್ಟಿದ್ರೆ ಮರೆತಿದ್ದು ಬಿಡಿ, ಎರಡೂ ಸೇರ್ಸಿ ನುಂಗಬೇಡಿ.

ಜನ ನಾಲ್ಕೇ ಮಾತ್ರೆ ಯಾಕೆ ಕೇಳ್ತಾರೆ ಅಂತ ನನಗೂ ಗೊತ್ತು. ಟೊಮೇಟೊ ರೇಟ್ ಬಿದ್ದ ವಾರ ನಮ್ ಅಂಗಡೀಲಿ ಶೀಟುಗಳು ಅರ್ಧ ಆಗ್ತವೆ, ರೇಟ್ ಎದ್ರೆ ಪೂರ್ತಿ ಶೀಟು ಹೋಗುತ್ತೆ, ಮಾರ್ಕೆಟ್ಟಿಗೆ ಹೋಗದೇ ನಂಗೆ ರೇಟ್ ಗೊತ್ತಾಗುತ್ತೆ. ದುಡ್ಡಿನ ತೊಂದರೆ ಇರೋರು ಮಾತ್ರೆ ಕಮ್ಮಿ ಮಾಡ್ಕೊಳ್ಳೋ ಬದ್ಲು ಜನೌಷಧಿ ಕೇಂದ್ರಕ್ಕೆ ಹೋಗಿ, ಈ ಔಷಧಿಗಳು ಅಲ್ಲಿ ಕಮ್ಮಿ ಬೆಲೆಗೆ ಸಿಗ್ತವೆ, ಸರ್ಕಾರಿ ಆಸ್ಪತ್ರೇಲಿ ಫಿಟ್ಸ್ ಮಾತ್ರೆ ಫ್ರೀ ಇದ್ಯಾ ಅಂತ ಕೇಳಿ. ವ್ಯಾಪಾರ ಕೈಬಿಟ್ಟು ಹೋಗುತ್ತೆ ಅಂತ ನಮ್ ಓನರ್ ಬೈದ್ರೂ ಪರವಾಗಿಲ್ಲ. ಒಂದು ಮಾತು, ಫಿಟ್ಸ್ ಇರೋರು ಕಂಪನಿ ಬದಲಾಯಿಸ್ತಿದ್ರೆ ಡಾಕ್ಟ್ರಿಗೆ ತಿಳಿಸಿ ಬದಲಾಯಿಸಿ, ಅದರಲ್ಲೂ ಫೆನಿಟಾಯಿನ್ ತಗೊಳ್ಳೋರು, ಅದರ ಅಂಶ ರಕ್ತದಲ್ಲಿ ಸ್ವಲ್ಪ ಹೆಚ್ಚು ಕಮ್ಮಿ ಆದ್ರೂ ವ್ಯತ್ಯಾಸ ಬೀಳುತ್ತೆ.

ಹೆಸರಿನ ಮುಂದೆ ಇರೋ ಬಾಲಾನೂ ನೋಡಿ. 300 ಅಂದ್ರೆ ಬರೀ ಗ್ಯಾಬಪೆಂಟಿನ್ ಇರಬೋದು, ಅದರ ಮುಂದೆ ಎನ್‌ಟಿ ಅಂತಿದ್ರೆ ಜೊತೆಗೆ ನಾರ್ಟ್ರಿಪ್ಟಿಲಿನ್ ಅಂತ ಇನ್ನೊಂದು ಔಷಧಿ ಸೇರಿರುತ್ತೆ, ಎಂ ಅಂತಿದ್ರೆ ಬಿ12 ವಿಟಮಿನ್ ಸೇರಿರುತ್ತೆ. ನೋವಿಗೆ ಎನ್‌ಟಿ ಬರೆಯೋದು ಮಾಮೂಲಿ, ಆದ್ರೆ ನಾರ್ಟ್ರಿಪ್ಟಿಲಿನ್ ಜಾತಿ ಔಷಧಿ ಕೆಲವರಿಗೆ ಫಿಟ್ಸ್ ಎಬ್ಬಿಸ್ಬೋದು, ಹಂಗಾಗಿ ಫಿಟ್ಸ್ ಹುಡುಗನಿಗೆ ಹರಿದ ಚೂರು ನೋಡಿ ಎನ್‌ಟಿ ಕೊಟ್ಟುಬಿಟ್ರೆ ಏನು ಗತಿ ಹೇಳಿ. ನೋವಿಗೆ ಕೊಡೋ ಟ್ರಮಡಾಲ್, ಭೇದಿಗೆ ಕೊಡೋ ಸಿಪ್ರೋಫ್ಲಾಕ್ಸಸಿನ್ ಇವೂ ಹಂಗೇ. ಕಾರ್ಬಮಜೆಪಿನ್ ತಗೊಳ್ಳೋರಿಗೆ ಗಂಟಲು ನೋವಿಗೆ ಅಂತ ಎರಿಥ್ರೋಮೈಸಿನ್ ಕೊಟ್ರೆ ಕಾರ್ಬಮಜೆಪಿನ್ ರಕ್ತದಲ್ಲಿ ಏರಿ ಕುಡಿದೋರ ಥರ ತೂರಾಡ್ತಾರೆ. ಯಾವ ಡಾಕ್ಟ್ರ ಹತ್ರ ಹೋದ್ರೂ, ಜ್ವರಕ್ಕೆ ಆಗ್ಲಿ ಹಲ್ಲಿಗೆ ಆಗ್ಲಿ, ಮೊದಲು 'ನಾನು ಈ ಮಾತ್ರೆ ತಗೋತಿದೀನಿ' ಅಂತ ಶೀಟ್ ತೋರ್ಸಿ.

ಗ್ಯಾಸ್ಟ್ರಿಕ್ ಅಂತ ಎಲ್ರ ಮನೇಲೂ ಒಂದು ಬಾಟಲಿ ಪಿಂಕ್ ಔಷಧಿ ಇರುತ್ತೆ, ಅಲ್ಯೂಮಿನಿಯಂ ಮೆಗ್ನೀಶಿಯಂ ಇರೋದು, ಕುಡಿದ ತಕ್ಷಣ ಗ್ಯಾಬಪೆಂಟಿನ್ ನುಂಗಿದ್ರೆ ಮಾತ್ರೆ ಸರಿಯಾಗಿ ಮೈಗೆ ಹತ್ತಲ್ಲ. ಎರಡು ಗಂಟೆ ಬಿಟ್ಟು ನುಂಗಿ. ಕಿಡ್ನಿ ತೊಂದರೆ ಇರೋರಿಗೆ ಗ್ಯಾಬಪೆಂಟಿನ್, ಪ್ರಿಗಾಬಲಿನ್ ಎರಡೂ ಡೋಸ್ ಕಮ್ಮಿ ಮಾಡಬೇಕು, ಮೂತ್ರದಲ್ಲೇ ಹೊರಗೆ ಹೋಗೋ ಔಷಧಿ ಅವು, ಶುಗರ್ ಹಳೇದಾಗಿರೋರು ಕಿಡ್ನಿ ಹೆಂಗಿದೆ ಅಂತ ತೋರ್ಸೋ ಕ್ರಿಯಾಟಿನಿನ್ ಟೆಸ್ಟ್ ರಿಪೋರ್ಟ್ ತಗೊಂಡೇ ಡಾಕ್ಟ್ರ ಹತ್ರ ಹೋಗಿ. ಈ ಎರಡರಿಂದ ಕಾಲು ಊದ್ಕೊಳ್ಳೋದೂ ಉಂಟು, ತೂಕ ಏರೋದೂ ಉಂಟು. ನಮ್ ಕಡೆ ಏನಾಗುತ್ತೆ ಅಂದ್ರೆ ಕಾಲು ಊದಿದ್ದಕ್ಕೆ ಇನ್ನೊಬ್ಬ ಡಾಕ್ಟ್ರ ಹತ್ರ ಹೋಗ್ತಾರೆ, ಮೊದಲಿನ ಮಾತ್ರೆ ವಿಷಯ ಹೇಳಲ್ಲ, ಅವರು ನೀರಿಳಿಸೋ ಮಾತ್ರೆ ಬರೀತಾರೆ, ಚೀಟಿ ಮೇಲೆ ಚೀಟಿ ಬೆಳೀತಾ ಹೋಗುತ್ತೆ.

ಕುಡಿಯೋರಿಗೆ ನೇರವಾಗಿ ಹೇಳ್ತೀನಿ. ಈ ಮಾತ್ರೆ ಮೇಲೆ ಎಣ್ಣೆ ಹಾಕ್ಬೇಡಿ. ನಿದ್ದೆ ಮಾತ್ರೆ, ಟ್ರಮಡಾಲ್ ಥರದ ಸ್ಟ್ರಾಂಗ್ ನೋವಿನ ಮಾತ್ರೆ ಇವುಗಳ ಜೊತೆ ಗ್ಯಾಬಪೆಂಟಿನ್ ಪ್ರಿಗಾಬಲಿನ್ ಸೇರಿದ್ರೆ ಉಸಿರಾಟನೇ ನಿಧಾನ ಆಗ್ಬೋದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರಲ್ಲಿ ಎಚ್ಚರಿಕೆ ಕೊಟ್ಟಿದೆ, ವಯಸ್ಸಾದೋರಿಗೆ, ದಮ್ಮು ಇರೋರಿಗೆ ಜಾಸ್ತಿ. ಮಧ್ಯರಾತ್ರಿ ಕೋಲಾರದ ಮಾರ್ಕೆಟ್ಟಿಗೆ ಟೊಮೇಟೊ ಲೋಡ್ ತಗೊಂಡು ಹೋಗೋ ಡ್ರೈವರ್‌ಗಳು, ಶಿಡ್ಲಘಟ್ಟದ ಕಡೆ ರೇಷ್ಮೆ ರೀಲಿಂಗಲ್ಲಿ ಬಿಸಿನೀರಿನ ಮುಂದೆ ಕೂರೋರು ಹೊಸದಾಗಿ ಮಾತ್ರೆ ಶುರು ಮಾಡಿದಾಗ ತಮ್ಮ ಕೆಲಸ ಏನು ಅಂತ ಡಾಕ್ಟ್ರಿಗೆ ಹೇಳಲೇಬೇಕು, ಮಂಪರು ಹೆಂಗಿದೆ ಅಂತ ಗೊತ್ತಾಗೋವರೆಗೂ ಸ್ಟೇರಿಂಗ್ ಹಿಡಿಯಬಾರದು. ಮನಸ್ಸು ವಿಪರೀತ ಕುಗ್ಗಿದ್ರೆ, ಸಾಯೋ ಯೋಚನೆ ಬಂದ್ರೆ ಅದನ್ನೂ ಮುಚ್ಚಿಡಬೇಡಿ, ಫಿಟ್ಸ್ ಮಾತ್ರೆಗಳಿಂದ ಕೆಲವರಿಗೆ ಅದು ಆಗುತ್ತೆ, ಮನೆಯೋರಿಗೆ ಹೇಳಿ ಡಾಕ್ಟ್ರ ಹತ್ರ ಹೋಗಿ.

ಇನ್ನೊಂದು, ಮೈಮೇಲೆ ಗಂಧೆ. ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್ ಅನ್ನೋ ಫಿಟ್ಸ್ ಮಾತ್ರೆ ಶುರು ಮಾಡಿದ ಮೊದಲ ಒಂದೆರಡು ತಿಂಗಳಲ್ಲಿ ಮೈಮೇಲೆ ಕೆಂಪು ಗಂಧೆ, ಜ್ವರ, ಬಾಯಲ್ಲಿ ಹುಣ್ಣು, ಕಣ್ಣು ಕೆಂಪು ಆದ್ರೆ ನಮ್ಮೋರು 'ಅಮ್ಮ ಆಗಿದೆ' ಅಂತ ಬೇವಿನ ಸೊಪ್ಪು ಹಾಸಿ ಮಲಗಿಸ್ತಾರೆ. ಅದು ಮಾತ್ರೆಯ ಅಲರ್ಜಿ ಇರಬೋದು, ಚರ್ಮ ಸುಲಿದು ಪ್ರಾಣಕ್ಕೆ ಬರೋಷ್ಟು ಕೆಟ್ಟದ್ದು ಅದು. ದಿಢೀರ್ ಬಿಡಬೇಡಿ ಅಂತ ಅಷ್ಟೊತ್ತು ಹೇಳ್ದೆ, ಆದ್ರೆ ಇಲ್ಲಿ ಒಂದು ದಿನಾನೂ ಕಾಯೋ ಹಂಗಿಲ್ಲ, ಮುಂದಿನ ಡೋಸ್ ತಗೊಳ್ಳೋಕೆ ಮುಂಚೆ ಶೀಟ್ ಸಮೇತ ಆಸ್ಪತ್ರೆಗೆ ಓಡಿ.

ಹೆಣ್ಮಕ್ಕಳ ವಿಷಯಕ್ಕೆ ಬಂದ್ರೆ ಬೇಜಾರಾಗುತ್ತೆ. ಮದುವೆಗೆ ಮುಂಚೆ ಫಿಟ್ಸ್ ಮಾತ್ರೆ ಸರಿಯಾಗಿ ತಗೊಂಡು ಚೆನ್ನಾಗಿರೋ ಹುಡುಗಿ, ಮದುವೆ ಆದ ಮೇಲೆ ಗಂಡನ ಮನೇಲಿ ಗೊತ್ತಾಗಬಾರದು ಅಂತ ಮಾತ್ರೆ ಶೀಟಿಂದ ಬಿಚ್ಚಿ ಕುಂಕುಮದ ಭರಣೀಲೋ ಪರ್ಸಲ್ಲೋ ಇಟ್ಕೋತಾಳೆ, ತವರಿಂದ ಅಣ್ಣ ಬಂದು ತಗೊಂಡು ಹೋಗಿ ಕೊಡಬೇಕು, ಅಣ್ಣ ಬರದಿದ್ದ ತಿಂಗಳು ಮಾತ್ರೆನೂ ಇಲ್ಲ. ಮುಚ್ಚಿಟ್ಟಿದ್ದು ಫಿಟ್ಸ್ ಬಂದ ದಿನ ಊರಿಗೆಲ್ಲಾ ಗೊತ್ತಾಗುತ್ತೆ. ಬರೀ ಮೂರ್ಛೆರೋಗ ಇದೆ ಅನ್ನೋ ಕಾರಣಕ್ಕೆ ಮದುವೆ ಆಗೋಕೆ ಅರ್ಹತೆ ಇಲ್ಲ ಅನ್ನೋ ಮಾತನ್ನ 1999ರಲ್ಲೇ ಹಿಂದೂ ವಿವಾಹ ಕಾಯ್ದೆಯಿಂದ ತೆಗೆದು ಹಾಕಿದಾರೆ, ಹಂಗಿದ್ರೂ ಮುಚ್ಚಿಡೋದು ನಿಂತಿಲ್ಲ. ಮಗು ಬೇಕು ಅನ್ನೋರು ಬಸುರಿ ಆಗೋಕೆ ಮುಂಚೆನೇ ಡಾಕ್ಟ್ರ ಹತ್ರ ಮಾತಾಡಿ, ವಾಲ್ಪ್ರೊಯೇಟ್ ಅನ್ನೋ ಫಿಟ್ಸ್ ಮಾತ್ರೆಯಿಂದ ಮಗುಗೆ ಅಂಗದೋಷ ಬರೋ ಅಪಾಯ ಇದೆ, ಅದಕ್ಕೆ ಮೊದಲೇ ಬದಲಾಯಿಸಿ ಫೋಲಿಕ್ ಆಸಿಡ್ ಶುರು ಮಾಡ್ತಾರೆ. ಬಸುರಿ ಅಂತ ಗೊತ್ತಾದ ದಿನ ಅತ್ತೆ ಮಾತು ಕೇಳ್ಕೊಂಡು ಎಲ್ಲಾ ಮಾತ್ರೆ ತಿಪ್ಪೆಗೆ ಎಸೆಯೋದು ಬೇಡ, ಫಿಟ್ಸ್ ಬಂದ್ರೆ ತಾಯಿಗೂ ಮಗುಗೂ ಇಬ್ರಿಗೂ ಕಷ್ಟ. ಮಕ್ಕಳಾಗದ ಹಾಗೆ ಮಾತ್ರೆ ತಗೊಳ್ಳೋರಿಗೂ ಒಂದು ಮಾತು, ಕಾರ್ಬಮಜೆಪಿನ್ ಫೆನಿಟಾಯಿನ್ ಜೊತೆ ಆ ಮಾತ್ರೆ ಸರಿಯಾಗಿ ಕೆಲಸ ಮಾಡಲ್ಲ.

ನಿದ್ದೆ ಕೆಟ್ರೆ ಮಾತ್ರೆ ತಗೊಂಡೂ ಫಿಟ್ಸ್ ಬರ್ಬೋದು. ಶಿವರಾತ್ರಿ ಜಾಗರಣೆ, ಕೈವಾರದ ಗುರುಪೂರ್ಣಿಮೆ ಸಂಗೀತ, ಊರ ಜಾತ್ರೆ, ಹೋಗ್ಬೇಡಿ ಅನ್ನಲ್ಲ, ದರ್ಶನ ಮಾಡ್ಕೊಂಡು ಬಂದು ಮಾತ್ರೆ ನುಂಗಿ ಮಲಗಿ. ಉಪವಾಸ, ರೋಜಾ ಇದ್ರೆ ಟೈಮ್ ಹೆಂಗೆ ಬದಲಾಯಿಸೋದು ಅಂತ ಮೊದಲೇ ಕೇಳ್ಕೊಳ್ಳಿ. ಯಾರಾದ್ರೂ ಬಿದ್ರೆ ಕೈಗೆ ಕಬ್ಬಿಣ, ಬೀಗದ ಕೈ ಕೊಡೋದು, ಮೂಗಿಗೆ ಚಪ್ಪಲಿ ಹಿಡಿಯೋದು ಇನ್ನೂ ನಡೀತಾನೇ ಇದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದ್ರೆ 108.

ತಪ್ಪು ಬರೀ ಜನರದ್ದು ಅಂತ ನಾನು ಹೇಳಲ್ಲ. ಶೀಟ್ ಮೇಲೆ ಕೆಂಪು ಗೆರೆ, ಷೆಡ್ಯೂಲ್ ಎಚ್ ಅಂತ ಚೀಟಿ ಇಲ್ದೆ ಮಾರಬಾರದು ಅಂತ ಅಚ್ಚು ಹಾಕಿರುತ್ತೆ, ಎಷ್ಟು ಅಂಗಡೀಲಿ ಅದನ್ನ ಪಾಲಿಸ್ತಾರೆ ಅಂತ ನಮ್ ಲೈನಲ್ಲಿರೋರಿಗೆ ಚೆನ್ನಾಗಿ ಗೊತ್ತು. ಕೆಲವು ಕಡೆ ಫಾರ್ಮಸಿಸ್ಟ್ ಸರ್ಟಿಫಿಕೇಟ್ ಗೋಡೆ ಮೇಲೆ ಫ್ರೇಮ್ ಹಾಕಿ ನೇತಾಕಿರ್ತಾರೆ, ಕೌಂಟರಲ್ಲಿ ಹತ್ತನೇ ಕ್ಲಾಸ್ ಮುಗಿಸಿದ ಹುಡುಗ ನಿಂತಿರ್ತಾನೆ. ಡಾಕ್ಟ್ರುಗಳೂ 1-0-1 ಅಂತ ಬರೆದು ಕಳಿಸ್ತಾರೆ, ಅದು ಬೆಳಿಗ್ಗೆ ಒಂದು ರಾತ್ರಿ ಒಂದು ಅಂತ ಓದು ಬರದ ಅಜ್ಜಿಗೆ ಯಾರು ಹೇಳಬೇಕು. ನನ್ನ ಬೇಡಿಕೆ ದೊಡ್ಡದೇನಲ್ಲ. ಶೀಟ್ ಕತ್ತರಿಸಿ ಕೊಡೋದಾದ್ರೆ ಒಂದು ಪೇಪರ್ ಕವರಲ್ಲಿ ಹಾಕಿ ಅದರ ಮೇಲೆ ಕನ್ನಡದಲ್ಲಿ ಮಾತ್ರೆ ಹೆಸರು, ಪವರ್, ಎಕ್ಸ್‌ಪೈರಿ, ಯಾವ ಹೊತ್ತಿಗೆ, ಯಾರಿಗೆ ಅಂತ ಬರೆದು ಕೊಡ್ಲಿ, ಔಷಧ ನಿಯಂತ್ರಣ ಇಲಾಖೆಯೋರು ಬಂದಾಗ ಬಿಲ್ ಬುಕ್ ಜೊತೆ ಅದನ್ನೂ ಕೇಳ್ಲಿ. ನಾನು ಮಾಡ್ತಿದೀನಿ, ಒಬ್ಬರಿಗೆ ಅರ್ಧ ನಿಮಿಷ ಜಾಸ್ತಿ ಹಿಡಿಯುತ್ತೆ ಅಷ್ಟೇ, ಗೊಣಗೋರು ಗೊಣಗ್ಲಿ.

ನಿಮ್ಹಾನ್ಸ್‌ನೋರು 1990ರ ದಶಕದಲ್ಲಿ ಬೆಂಗಳೂರಲ್ಲಿ ಮತ್ತೆ ಸುತ್ತಲ ಹಳ್ಳೀಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನ ಸರ್ವೆ ಮಾಡಿದಾಗ ಹಳ್ಳೀಲಿ ಸಾವಿರಕ್ಕೆ 11.9 ಜನಕ್ಕೆ, ಸಿಟೀಲಿ 5.7 ಜನಕ್ಕೆ ಮೂರ್ಛೆರೋಗ ಇತ್ತು. ಆ ಸರ್ವೇಲಿ ಕಾಯಿಲೆ ಹಳ್ಳೀಲಿ ದುಪ್ಪಟ್ಟು, ನರದ ಡಾಕ್ಟ್ರು ಮಾತ್ರ ಬೆಂಗಳೂರಲ್ಲಿ. 2022ರಲ್ಲಿ ನಿಮ್ಹಾನ್ಸ್ ಮತ್ತೆ ರಾಜ್ಯ ಸರ್ಕಾರ ಸೇರಿ ಮೆದುಳು, ನರದ ಕಾಯಿಲೆಗಳಿಗೆ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಅಂತ ಒಂದು ಯೋಜನೆ ಶುರು ಮಾಡಿದ್ರು, ಮೊದಲು ಪ್ರಯೋಗಕ್ಕೆ ಆರಿಸ್ಕೊಂಡ ಕಡೆಗಳಲ್ಲಿ ನಮ್ಮ ಚಿಕ್ಕಬಳ್ಳಾಪುರ, ಕೋಲಾರ ಎರಡೂ ಇದ್ದವು. ಆದ್ರೆ ನನ್ನ ಕೌಂಟರಿಗೆ ಬರೋರಲ್ಲಿ ಆ ಯೋಜನೆಯ ಬ್ರೈನ್ ಹೆಲ್ತ್ ಕ್ಲಿನಿಕ್ ಹೆಸರು ಕೇಳಿರೋರು ಸಿಗೋದೇ ಅಪರೂಪ, ಡೋಸ್ ಕೇಳೋಕೆ ಅಂತ ಬಸ್ ಹತ್ತಿ ಬೆಂಗಳೂರಿಗೆ ಹೋಗಿ ಒಂದು ದಿನದ ಕೂಲಿ ಕಳ್ಕೋತಾರೆ. ದಯವಿಟ್ಟು ನಿಮ್ಮ ಜಿಲ್ಲಾ ಪುಟದಲ್ಲಿ ಸಿನಿಮಾ ಟೈಮಿಂಗ್ ಹಾಕೋ ಜಾಗದ ಪಕ್ಕದಲ್ಲಾದ್ರೂ ಯಾವ ಆಸ್ಪತ್ರೇಲಿ ಯಾವ ವಾರ ನರದ ಡಾಕ್ಟ್ರು ಸಿಗ್ತಾರೆ ಅಂತ ಆರೋಗ್ಯ ಇಲಾಖೆಯಿಂದ ಕೇಳಿ ಪ್ರತಿ ತಿಂಗಳು ಹಾಕಿ. ಅದನ್ನ ಕತ್ತರಿಸಿ ಅಂಗಡೀಲಿ ಅಂಟಿಸೋ ಕೆಲಸ ನಂದು.

ನನ್ನ ಹೆಸರು ಹಾಕ್ಬೇಡಿ, ಓನರ್ ನಿಮ್ಮ ಪೇಪರೇ ತರಿಸೋದು.

ಇಂತಿ,
ಒಬ್ಬ ಫಾರ್ಮಸಿಸ್ಟ್
ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ