ಗಾಡ್‌ಫಾದರ್ ಆಗಲಿರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಓದಿ ಮೊದಲು ನಕ್ಕುಬಿಟ್ಟೆ, ಬೇಜಾರು ಮಾಡ್ಕೋಬೇಡ. ಮಗುವಿಗೆ ನೀರು ಹೊಯ್ದು ಚರ್ಚಿಗೆ ಸೇರಿಸಿಕೊಳ್ಳುವ ಜ್ಞಾನಸ್ನಾನದಲ್ಲಿ ನೀನೇ ಗಾಡ್‌ಫಾದರ್ ಆಗಬೇಕು, ಅಂದರೆ ನಂಬಿಕೆಯಲ್ಲಿ ಅದನ್ನು ಬೆಳೆಸಲು ಜೊತೆಗಿರಬೇಕು ಅಂತ ಅಕ್ಕ ಅಂದಳಂತೆ. ನೀನು ಹೂಂ ಅಂದುಬಿಟ್ಟು ಈಗ ನಿದ್ದೆಗೆಟ್ಟು ಕೂತಿದ್ದೀಯಂತೆ. "ಚರ್ಚಿನ ಪೂಜೆಗೆ ಹೋಗಿ ಎಷ್ಟು ವರ್ಷ ಆಯ್ತೋ ನನಗೇ ಲೆಕ್ಕ ಸಿಗ್ತಿಲ್ಲ. ಯಾವ ಮುಖ ಇಟ್ಕೊಂಡು ದೇವರ ಮುಂದೆ ನಿಲ್ಲಲಿ?" ಅಂತ ಕೇಳಿದ್ದೀಯ. ಎರಡನೇ ಸಲ ಓದಿದಾಗ ನಗು ಬರಲಿಲ್ಲ.

ನನ್ನ ಮದುವೆಗೆ ಮುಂಚೆ ಜ್ಞಾನಸ್ನಾನದ ಸರ್ಟಿಫಿಕೇಟ್ ಬೇಕಾಗಿತ್ತು. ಚರ್ಚಿನ ಆಫೀಸಿನಲ್ಲಿ ದಪ್ಪ ರಟ್ಟಿನ ದಾಖಲೆ ಪುಸ್ತಕ ತೆಗೆದು, ಬೆರಳಿಟ್ಟು ನನ್ನ ಸಾಲು ಹುಡುಕಿದರು. ಹುಟ್ಟಿದ ದಿನ, ಜ್ಞಾನಸ್ನಾನದ ದಿನ, ಅಪ್ಪ ಅಮ್ಮನ ಹೆಸರು, ಗಾಡ್‌ಪೇರೆಂಟ್ಸ್ ಹೆಸರು. ನೀಲಿ ಶಾಯಿ ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಲೆಕ್ಕ ಹಾಕಿದೆ, ಆಗ ನನಗೆ ಹತ್ತೊಂಬತ್ತು ದಿನ. ಹತ್ತೊಂಬತ್ತು ದಿನದ ಮಗು ಏನು ಸಾಧಿಸಿರುತ್ತೆ ಹೇಳು? ಹಾಲು ಕುಡಿಯೋದು, ಅಳೋದು, ಬಟ್ಟೆ ಒದ್ದೆ ಮಾಡೋದು. ಅಂಥವನನ್ನು ದೇವರು ಮಗ ಅಂತ ಕರೆದಾಗಿತ್ತು. ನಾನು ಮಾಡಬೇಕಾದ್ದೆಲ್ಲ ಅದಾದ ಮೇಲೆ ಬಂದದ್ದು.

ಆ ಪುಸ್ತಕದ ಅಂಚಿನಲ್ಲಿ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ದೃಢೀಕರಣ, ಅಂದರೆ ಜ್ಞಾನಸ್ನಾನದ ನಂಬಿಕೆಯನ್ನು ಗಟ್ಟಿ ಮಾಡುವ ಸಂಸ್ಕಾರ, ಆದರೆ ಅಲ್ಲಿ ಬರೆಯುತ್ತಾರೆ. ಮದುವೆಯಾದರೆ, ಗುರುಪಟ್ಟ ಸಿಕ್ಕಿ ಫಾದರ್ ಆದರೆ, ಅದೂ ಅಲ್ಲೇ. ಎಷ್ಟು ಭಾನುವಾರ ತಪ್ಪಿಸಿದ ಅನ್ನೋದಕ್ಕೆ ಕಾಲಂ ಇಲ್ಲ. ಜ್ಞಾನಸ್ನಾನ ಆತ್ಮದ ಮೇಲೆ ಒತ್ತುವ ಮುದ್ರೆ ಅಳಿಯುವಂಥದ್ದಲ್ಲ, ಎಂಥ ಪಾಪ ಮಾಡಿದರೂ ಹೋಗಲ್ಲ ಅನ್ನುತ್ತದೆ ನಮ್ಮ ಕಥೋಲಿಕ ಧರ್ಮಸಭೆ. ಅದಕ್ಕೇ ಎರಡನೇ ಸಲ ಜ್ಞಾನಸ್ನಾನ ಕೊಡುವುದಿಲ್ಲ. ಎಷ್ಟು ದೂರ ಹೋಗಿ ಬಂದರೂ ನೀನು ಅದೇ ಸಾಲಿನಲ್ಲಿ ಇರುತ್ತೀಯ.

ಇನ್ನು ಕರ್ತವ್ಯದ ಮಾತು. ನಮ್ಮಲ್ಲಿ ಬಹಳ ಜನ ಅದನ್ನು ಸಾಲದ ಕಂತು ಅಂದುಕೊಂಡಿದ್ದಾರೆ. ಭಾನುವಾರ ಒಂದು ಕಂತು, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಸ್ವಲ್ಪ ಜಾಸ್ತಿ. ನೀನೂ ಹಾಗೇ ಅಂದುಕೊಂಡಿದ್ದೀಯ, ಅದಕ್ಕೇ ಈ ನಾಚಿಕೆ. ವರ್ಷಕ್ಕೊಮ್ಮೆಯಾದರೂ ಗಂಭೀರ ಪಾಪಗಳನ್ನು ಫಾದರ್ ಹತ್ತಿರ ನಿವೇದಿಸಬೇಕು, ಪೂಜೆಯಲ್ಲಿ ಕೊಡುವ ಪರಮಪ್ರಸಾದ ತಗೋಬೇಕು ಅಂತ ನಿಯಮ ಇರುವುದು ನಿಜ. ಆದರೆ "ವರ್ಷಕ್ಕೊಂದು ಸಲವಾದರೂ ಮನೆಗೆ ಬಂದು ಊಟ ಮಾಡಪ್ಪ" ಅಂತ ಅಮ್ಮ ಹೇಳಿದರೆ ಅದು ಬಡ್ಡಿ ವಸೂಲಿಯಾ?

ಮಗುವಿನ ತಲೆಗೆ ನೀರು ಹೊಯ್ದ ಮೇಲೆ ನೆತ್ತಿಗೆ ಪವಿತ್ರ ತೈಲ ಹಚ್ಚುತ್ತಾರೆ, ಗಮನಿಸು. ಕ್ರಿಸ್ತ ಯಾಜಕ, ಪ್ರವಾದಿ, ಅರಸನಾಗಿ ಅಭಿಷೇಕಗೊಂಡ ಹಾಗೆ ಈ ಮಗುವೂ ಅವನಲ್ಲಿ ಪಾಲುಗಾರ ಅಂತ ಹೇಳುವುದು ಆಗಲೇ. ನಾನು ಎಷ್ಟೋ ವರ್ಷ ಇದನ್ನು ಅಲಂಕಾರದ ಮಾತು ಅಂದುಕೊಂಡಿದ್ದೆ. ಯಾಜಕ ಅಂದರೆ ಪೀಠದ ಹತ್ತಿರ ನಿಂತಿರುವ ಫಾದರ್, ನಾವು ಬೆಂಚಿನಲ್ಲಿ ಕೂರುವವರು, ಅಷ್ಟೆ. 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಅಂದರೆ ಜಗತ್ತಿನ ಬಿಷಪ್‌ಗಳು ಸೇರಿದ್ದ ಸಭೆ, ಧರ್ಮಸಭೆಯ ಬಗ್ಗೆ ಹೊರಡಿಸಿದ ದಾಖಲೆ ಓದಿದ ಮೇಲೆ ಕಣ್ಣು ತೆರೆಯಿತು. ಗುರುಗಳ ಯಾಜಕತ್ವವೇ ಬೇರೆ, ಅದು ನಮ್ಮದಲ್ಲ. ಆದರೆ ಜ್ಞಾನಸ್ನಾನ ಪಡೆದ ಪ್ರತಿಯೊಬ್ಬರಿಗೂ ಅವರದೇ ಒಂದು ಯಾಜಕತ್ವ ಇದೆ. ನಮ್ಮ ಕೆಲಸ, ಸಂಸಾರ, ಕಾಯಿಲೆ, ದಣಿವು ಎಲ್ಲವನ್ನೂ ದೇವರಿಗೆ ಅರ್ಪಿಸಬಹುದು. ಬಲಿಪೂಜೆಯಲ್ಲಿ ರೊಟ್ಟಿ, ದ್ರಾಕ್ಷಾರಸದ ಜೊತೆ ಅವೂ ಪೀಠಕ್ಕೆ ಹೋಗುತ್ತವೆ.

ಅದನ್ನು ಓದುವಾಗ ನೀನು ನೆನಪಾದೆ. ನಿಮ್ಮಪ್ಪ ಹಾಸಿಗೆ ಹಿಡಿದಿದ್ದ ಕಾಲ. ಬೆನ್ನು ಹುಣ್ಣಾಗಬಾರದು ಅಂತ ರಾತ್ರಿ ಅಲಾರಂ ಇಟ್ಟು ಎದ್ದು ಅವರನ್ನು ಮಗ್ಗುಲು ತಿರುಗಿಸುತ್ತಿದ್ದೆ. ಉಗುರು ಕತ್ತರಿಸುವಾಗ ಅವರ ಕೈಯನ್ನು ನಿನ್ನ ಮೊಣಕಾಲ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಪೂಜೆ ತಪ್ಪಲು ಶುರುವಾಗಿದ್ದು ಆಗಲೇ ಅಲ್ವಾ? ಆ ದಿನಗಳಲ್ಲಿ ದೇವರಿಂದ ದೂರ ಆದೆ ಅಂತ ನೀನು ಬರೆದಿದ್ದೀಯ. ನನಗೆ ಹಾಗನ್ನಿಸುವುದಿಲ್ಲ. ಕೈ ತುಂಬ ಅರ್ಪಣೆ ಇತ್ತು, ತಗೊಂಡು ಹೋಗಿ ಇಡಲಿಲ್ಲ, ಅಷ್ಟೆ. ರೋಗಿಯನ್ನು ನೋಡಿಕೊಳ್ಳುವವನು ಪೂಜೆಗೆ ಹೋಗಲಾಗದಿದ್ದರೆ ಅದು ತಪ್ಪಲ್ಲ ಅಂತ ಧರ್ಮಸಭೆಯೇ ಹೇಳುತ್ತದೆ. ಆಮೇಲಿನ ವರ್ಷಗಳು ಬೇರೆ ಮಾತು, ಅದಕ್ಕೆ ನಾನು ನೆಪ ಹುಡುಕಿ ಕೊಡಲ್ಲ.

ಪ್ರವಾದಿ ಅಂದರೆ ಭವಿಷ್ಯ ಹೇಳುವವನಲ್ಲ. ಲಂಚ ಬೇಡ ಅನ್ನೋದು, ಸುಳ್ಳು ಬಿಲ್ಲಿಗೆ ಸಹಿ ಹಾಕದೇ ಇರೋದು, ಕೇಳಿದವರಿಗೆ ನಂಬಿಕೆ ಬಗ್ಗೆ ನಾಚಿಕೆ ಇಲ್ಲದೆ ಹೇಳೋದು. ಕ್ವೈರ್‌ನಲ್ಲಿ ಹಾಡೋದು, ಪೂಜೆಯಲ್ಲಿ ಬೈಬಲ್ ವಾಚನ ಓದೋದು ಒಳ್ಳೆಯದೇ. ಆದರೆ ಗುರುಗಳಲ್ಲದ ನಮ್ಮಂಥ ಶ್ರೀಸಾಮಾನ್ಯರ ಮುಖ್ಯ ಜಾಗ ಇರೋದು ಚರ್ಚಿನ ಗೇಟಿನ ಆಚೆ. ಬಡವರಿಗೆ ನೆರವಾಗುವುದೂ ಧರ್ಮಸಭೆಯ ಕಾನೂನಿನಲ್ಲೇ ಬರೆದಿರುವ ಕರ್ತವ್ಯ, ಮನಸ್ಸು ಬಂದರೆ ಮಾಡುವ ದಾನ ಅಲ್ಲ. ಗುರುಗಳಿಗೆ ನಮ್ಮ ಅಭಿಪ್ರಾಯ ಗೌರವದಿಂದ ತಿಳಿಸುವ ಹಕ್ಕೂ ಅದೇ ಕಾನೂನಿನಲ್ಲಿದೆ. (ವಾಟ್ಸಾಪ್ ಗ್ರೂಪಿನಲ್ಲಿ ಫಾದರನ್ನು ಬೈಯುವುದು ಈ ಹಕ್ಕಿಗೆ ಸೇರಲ್ಲ ಅನ್ನೋದು ನನ್ನ ತೀರ್ಪು.)

ಈಗ ನೇರವಾಗಿ ಒಂದು ಮಾತು. ಗಾಡ್‌ಫಾದರ್ ಆಗುವವನಿಗೆ ದೃಢೀಕರಣ ಆಗಿರಬೇಕು, ನಂಬಿಕೆಗೆ ತಕ್ಕ ಬಾಳು ಇರಬೇಕು. ಇದು ಸುಮ್ನೆ ಫೋಟೋಗೆ ನಿಲ್ಲುವ ಕೆಲಸ ಅಲ್ಲ. ಅವತ್ತು ಫಾದರ್ ನಿನ್ನನ್ನೂ ಕೇಳುತ್ತಾರೆ, ಸೈತಾನನನ್ನು ತ್ಯಜಿಸುತ್ತೀಯಾ, ದೇವರನ್ನು ನಂಬುತ್ತೀಯಾ ಅಂತ. ಮಗುವಿನ ಪರವಾಗಿ ಬರೀ ಬಾಯಿಪಾಠ ಒಪ್ಪಿಸಿದರೆ ಸಾಲದು, ನಿನ್ನ ಜ್ಞಾನಸ್ನಾನದ ಮಾತನ್ನೇ ನೀನು ಹೊಸದಾಗಿ ಕೊಡಬೇಕು. ಹಾಗಾಗಿ ಮುಂಚೆಯೇ ಪಾಪನಿವೇದನೆಗೆ ಹೋಗು. ಮಾತು ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ದರೆ "ಫಾದರ್, ತುಂಬ ವರ್ಷ ಆಯ್ತು, ಸಹಾಯ ಮಾಡಿ" ಅನ್ನು. ನಾನೂ ಒಂದು ಸಲ ಹಾಗೇ ಶುರು ಮಾಡಿದ್ದೆ. ಗಂಟಲು ಒಣಗಿತ್ತು. ಹೊರಗೆ ಬರುವಾಗ ಬಾಗಿಲ ಹತ್ತಿರ ತೀರ್ಥದ ಬಟ್ಟಲಿಗೆ ಬೆರಳು ಅದ್ದಿದೆ. ದಿನಾ ನೊಣ ಓಡಿಸುವ ಹಾಗೆ ಶಿಲುಬೆ ಗುರುತು ಹಾಕುತ್ತಿದ್ದವನು ಅವತ್ತು ಹಣೆಯ ಮೇಲೆ ನೀರು ತಣ್ಣಗೆ ನಿಲ್ಲುವ ತನಕ ಕೈ ತೆಗೆಯಲಿಲ್ಲ.

ಆ ವಿಧಿಯಲ್ಲಿ ನನಗೆ ತುಂಬ ಇಷ್ಟವಾದದ್ದು ಅದರ ಆರಂಭ. ದೇವರ ಸಭೆಯಿಂದ ಈ ಮಗುವಿಗೆ ಏನು ಕೇಳುತ್ತೀರಿ ಅಂತ ಫಾದರ್ ವಿಚಾರಿಸುತ್ತಾರೆ. ಏನು ಕೊಡುತ್ತೀರಿ ಅಂತಲ್ಲ. ನೀನೂ ಕೇಳಲಿಕ್ಕೆ ಬಂದವನ ಹಾಗೆ ಅಲ್ಲಿ ನಿಲ್ಲು. ಮುಖದ ಚಿಂತೆ ಬಿಡು.

ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಇದೆ: ಮಗುವಿಗೆ ಏನು ಹೆಸರಿಡುತ್ತೀರಿ? ಎರಡು ಪುಟ ಗೋಳು ತೋಡಿಕೊಂಡೆ, ಅದೊಂದನ್ನು ಬರೆಯಲಿಲ್ಲ ನೀನು. ಅಕ್ಕನನ್ನು ಕೇಳಿ ಬೇಗ ತಿಳಿಸು. ಇವತ್ತಿನಿಂದಲೇ ಆ ಹೆಸರು ಹಿಡಿದು ಪ್ರಾರ್ಥಿಸಬೇಕು ನಾನು.

ನಿನ್ನ ಗೆಳೆಯ